ಜನವಸತಿ ಇಲ್ಲದ ಗಾಯರಾಣ

"ದೂರ ನಿಂತು ಬೊಗಳು, ಭೋಸ್ಡಿ! ಸಾಹೇಬ್ರು ಬೀದರದಿಂದ ನಿನ್ನ ಮೈ ನಾತ ಕುಡೀಲಿಕ್ಕಿ ಬಂದಿಲ್ಲ."

ಶಿವಕಾಂತ ಪಾಟೀಲನ ಮಾತಿಗೆ ಶಾಮಿಯಾನದ ಮುಂದಿನ ಸಾಲು ಗೊಳ್ಳೆಂದಿತು. ಖಟಕ ಚಿಂಚೋಳಿಯ ಆಚೆ ಬರಲಿರುವ ಔಷಧಿ ಕಾರ್ಖಾನೆಗೆ ಹೊಲ ಮಾರಿದವನು ಅವನೇ. ಅದರಿಂದ ಯಾರಿಗೆ ಏನು ತೊಂದರೆ ಎಂದು ಸರಕಾರ ಕೇಳುವ ಸಭೆ ಇವತ್ತು. ಮೀರಾಬಾಯಿ ಎರಡು ಹೆಜ್ಜೆ ಹಿಂದೆ ಸರಿದಳೇ ಹೊರತು ಬಾಯಿ ಮುಚ್ಚಲಿಲ್ಲ.

"ಕೆಮಿಕಲ್ ನೀರಿನ ಹೊಂಡ ನಮ್ಮ ಬಾವಿ ಬಾಜೂಕೇ ತೋಡ್ತಾರಂತರಿ ಸಾಹೇಬ್ರ. ಗಾಯರಾಣದಾಗಿನ ನಲವತ್ತು ಮನಿ ಅದೇ ನೀರು ಕುಡೀತೇವ್ರಿ."

ಬೀದರದ ಅಧಿಕಾರಿ ಕಾರ್ಖಾನೆಯ ದಪ್ಪನೆಯ ವರದಿ ತಿರುವಿದ. "ಗಾಯರಾಣ ದನ ಮೇಯೋ ಸರಕಾರಿ ಜಾಗಾ, ಜನವಸತಿ ಇಲ್ಲ. ಬಾವಿ ಪಾಳು. ಹಂಗಂತ ಬರ್ದಾರಲ್ಲಮ್ಮ?"

ಹಾಗೆ ಬರೆಸಿದವಳು ಮೀರಾಬಾಯಿಯೇ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗಿ ಟ್ಯಾಬ್ ಹಿಡಿದು ಮನೆ ಎಣಿಸಲು ಬಂದಿದ್ದಳು. ಗಾಯರಾಣಕ್ಕೆ ಸರಕಾರದ ಹೆಸರು ಹೇಳಿ ಬಂದವರೆಲ್ಲ ಗುಡಿಸಲು ಕೀಳಲಿಕ್ಕೇ ಬಂದವರು. ನೆರೆಯ ಹಮೀದುನ್ನಿಸಾ ಓಡಿಹೋಗಿ ಒಲೆಗೆ ನೀರು ಸುರಿದಳು. ಮಕ್ಕಳನ್ನು ಹಳ್ಳಕ್ಕೆ ಅಟ್ಟಿದರು. ಮೀರಾಬಾಯಿ ಮುಂದೆ ನಿಂತು, "ಇಲ್ಲಿ ಯಾರೂ ಇರಂಗಿಲ್ರಿ, ಆಡು ಮೇಸಲಿಕ್ಕಿ ಬರ್ತೇವಿ" ಎಂದಳು. ಹುಡುಗಿ ನಂಬಿದಳೋ, ನಂಬಿದಂತೆ ಮಾಡಿದಳೋ, ಹಾಗೇ ಬರೆದುಕೊಂಡು ಹೋದಳು. ಅವತ್ತು ಕೇರಿಗೆ ಕೇರಿಯೇ ಮೀರಾಬಾಯಿಯ ಜಾಣತನ ಹೊಗಳಿತ್ತು.

"ಅವತ್ತು ಅಂಜಿ ಸುಳ್ಳು ಹೇಳೀನ್ರಿ ಸಾಹೇಬ್ರ. ನಾವು ಅಲ್ಲೇ ಇರ್ತೇವಿ."

ಶಿವಕಾಂತನ ಮುಖ ಅರಳಿತು. "ಕೇಳಿದ್ರಿಲ್ಲ ತಹಶೀಲ್ದಾರ್ ಸಾಹೇಬ್ರ? ಸರಕಾರಿ ಜಾಗಾ ನುಂಗೀನಿ ಅಂತ ಹಲ್ಕಟ್ ಮುಂಡಿ ತಾನೇ ಒಪ್ಪಿದಳು. ಹೊಂಡ ತೋಡ್ಲಿಕ್ಕಿ ಜೆಸಿಬಿ ಬರೋದದ, ಗುಡಸಲಾನೂ ಬಳೀತದ."

ಅಧಿಕಾರಿಯ ಪಕ್ಕ ಕೂತಿದ್ದ ತಹಶೀಲ್ದಾರ ಪೆನ್ನು ತೆಗೆದ. "ನೋಡು, ಅಲ್ಲಿ ಇರೋದಿಲ್ಲ ಅಂದ್ರ ನಿನ್ನ ತಕರಾರು ನಡಿಯಂಗಿಲ್ಲ. ಇರ್ತೇನಿ ಅಂದ್ರ ನಾಳೆ ತೆರವಿನ ನೋಟಿಸು. ಲಗೂ ಹೇಳು, ಊಟ ಆರಲಿಕತ್ತದ."

ಹಮೀದುನ್ನಿಸಾ ಹಿಂದಿನಿಂದ ಸೆರಗು ಜಗ್ಗಿದಳು. "ಚುಪ್ ಬೈಠ್ ಮೀರಾ. ಬಾವಿ ಹೋದ್ರ ಹೋಗ್ಲಿ, ಮನಿನಾದ್ರೂ ಉಳೀತದ."

ಮೀರಾಬಾಯಿಗೆ ವಿಪರೀತ ಹೆದರಿಕೆಯಾಗಿತ್ತು. ಆದರೂ ಸೆರಗು ಬಿಡಿಸಿಕೊಂಡು ತಹಶೀಲ್ದಾರನ ಮುಂದೆ ಹೋಗಿ ನಿಂತಳು.

"ಬರ್ಕೋರಿ. ಮೀರಾಬಾಯಿ, ಗಂಡ ಮಚ್ಛೇಂದ್ರ. ಮೂವತ್ತು ವರ್ಷದಿಂದ ಅಲ್ಲೇ ಇದ್ದೀನಿ."

ತಹಶೀಲ್ದಾರ ಅದನ್ನು ನೋಟಿಸಿನ ಹಾಳೆಯಲ್ಲಿ ಬರೆದುಕೊಂಡ. ಸಭೆಯ ಪುಸ್ತಕದಲ್ಲಿ ಒಂದು ಅಕ್ಷರವೂ ಬೀಳಲಿಲ್ಲ. ಆಕ್ಷೇಪಣೆ ಯಾವುದೂ ಬಂದಿಲ್ಲವೆಂದು ಸಾರಿ, ಬೀದರದ ಅಧಿಕಾರಿ ಊಟಕ್ಕೆ ಎದ್ದ.

ಅಧಿಕಾರಿ, ತಹಶೀಲ್ದಾರ ಇಬ್ಬರ ದಾರಿಗೂ ಹಮೀದುನ್ನಿಸಾ ಕೂಸೊಂದನ್ನು ಎತ್ತಿಕೊಂಡು ಅಡ್ಡ ನಿಂತಳು. ಅವಳ ಹಿಂದೆ ಗಾಯರಾಣದ ಮಂದಿ ಒಬ್ಬೊಬ್ಬರೇ ಬಂದು ನಿಂತರು.

"ಪೆನ್ನು ಮುಚ್ಚಬ್ಯಾಡ್ರಿ ಸಾಹೇಬ್ರ. ನೋಟಿಸಿನ್ಯಾಗರೆ ನಾವು ಅಲ್ಲಿ ಇದ್ದದ್ದು ಕಾಣ್ಲಿ. ಹಮೀದುನ್ನಿಸಾ, ಗಂಡ ಮುರ್ತುಜಾ. ಇದು ಮೀರಾನ ಮೊಮ್ಮಗಳು ಸಪನಾ, ಎಂಟು ದಿನದ ಕೂಸು, ಅಲ್ಲೇ ಹುಟ್ಟೇದ. ಈಕಿದೂ ಬರೀರಿ."