ಹಗ್ಗ ಎಳೆದರೆ ತೆರೆಯುವ ಗೇಟು

ಶಿರಸಿಗೆ ರೈಲೇ ಇಲ್ಲ, ಮೆಟ್ರೋ ಎಲ್ಲಿಂದ ಬರಬೇಕು ಮಾರಾಯ್ರೆ! ಆದರೂ ಈ ಚೌತಿಗೆ ಗಣಪನನ್ನು ನೆಲದಡಿಯ ಮೆಟ್ರೋ ನಿಲ್ದಾಣದಲ್ಲೇ ಕೂರಿಸಬೇಕೆಂದು ಯುವಕ ಮಂಡಳಿ ಹಟ ಹಿಡಿಯಿತು. ಕಟ್ಟುವವನು ಮಂಜ. ಬಿದಿರು, ಪ್ಲೈವುಡ್ಡು, ಥರ್ಮಾಕೋಲು ಕೊಟ್ಟರೆ ಕೈಲಾಸವನ್ನೂ ಎಬ್ಬಿಸಿ ನಿಲ್ಲಿಸುವ ಆಸಾಮಿ. ಬೆಂಗಳೂರನ್ನು ಮಾತ್ರ ಕಂಡವನಲ್ಲ. ಒಂಬತ್ತನೇ ಕ್ಲಾಸಿನ ಮಗಳು ಭೂಮಿಕಾ ಮೊಬೈಲಿನಲ್ಲಿ ತೋರಿಸಿದ್ದನ್ನೇ ನೋಡಿ ನೋಡಿ ಕಲಿತ.

ಮೈದಾನ ಅಗೆಯುವ ಹಾಗಿರಲಿಲ್ಲ. "ನೆಲದೊಳಗೆ ಹೋಗ್ಲಿಕ್ಕೆ ಆಗದಿದ್ರೆ ನೆಲವನ್ನೇ ಮೇಲೆತ್ತುವ" ಅಂದ ಮಂಜ. ರಸ್ತೆಯಿಂದ ಗೊತ್ತೇ ಆಗದ ಹಾಗೆ ಏರುವ ಉದ್ದದ ಅಟ್ಟ, ಎರಡೂ ಕಡೆ ಪರದೆ, ತುದಿಯಲ್ಲಿ ಕೆಳಕ್ಕೆ ಹದಿನೆಂಟು ಮೆಟ್ಟಿಲು. ಇಳಿದವರಿಗೆ ಪಾತಾಳಕ್ಕೇ ಬಂದೆವೆಂಬ ಭ್ರಮೆ! ಅಲ್ಲಿ ಮಂಡಳಿ ಹಂಚಿದ ಕಾರ್ಡು ತೋರಿಸಿದರೆ ತೆರೆಯುವ ಗೇಟು, ಕುರುಡರಿಗೆಂದು ಹಳದಿ ಪಟ್ಟಿ, ಪ್ಲಾಟ್‌ಫಾರ್ಮಿನ ನಡುವೆ ರೈಲಿನ ಬಾಗಿಲಲ್ಲಿ ಗಣಪ. ವಿಡಿಯೋದಲ್ಲಿ ಜನ ಬಲಕ್ಕೆ ಹೊರಳುತ್ತಿದ್ದರು. ದೇವರಿಗೆ ಅಪ್ರದಕ್ಷಿಣೆಯಾದೀತೆಂದು ಮಂಜ ದಾರಿಯನ್ನು ಎಡಕ್ಕೆ ತಿರುಗಿಸಿದ. ಅಷ್ಟು ಸೂಕ್ಷ್ಮ ಅವನದು.

ಗೇಟಿಗೆ ಮೆಶೀನು ಗೀಶೀನು ಎಂತದೂ ಇಲ್ಲ. ಪಕ್ಕದ ಪ್ಲೈವುಡ್ ಪೆಟ್ಟಿಗೆಯೊಳಗೆ ಒಬ್ಬ ಕೂತು ಸಂದಿಯಲ್ಲಿ ನೋಡುತ್ತ ಹಗ್ಗ ಎಳೆಯಬೇಕು. ಮಕ್ಕಳು ಬಾಗಿಲು ತೆಗೆದು ಗುಟ್ಟು ರಟ್ಟು ಮಾಡಬಾರದೆಂದು ಚಿಲಕವನ್ನು ಹೊರಗಡೆ ಇಟ್ಟವನೂ ಮಂಜನೇ.

ಅವನಿಗೆ ಬೇಕಿದ್ದದ್ದು ಒಂದೇ: ಉದ್ಘಾಟನೆಯ ದಿನ ಮೈಕಿನಲ್ಲಿ ತನ್ನ ಹೆಸರು, ಮಗಳ ಕಿವಿಗೆ ಬೀಳುವ ಹಾಗೆ. "ಎಲ್ಲಾ ನಮ್ಮಪ್ಪಂದೇ ಡಿಸೈನು" ಎಂದು ಭೂಮಿಕಾ ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದಳು. ಗೆಳತಿ ಅಭಿಜ್ಞಾ ಮೂಗು ಮುರಿದು, "ನೋಡುವ, ಬರ್ತೇವೆ" ಅಂದಿದ್ದಳು.

ಆ ದಿನ ಬೆಳಿಗ್ಗೆ ಮಂಡಳಿಯ ಅಧ್ಯಕ್ಷ ರವೀಂದ್ರ ಮಂಜನ ಹೆಗಲ ಮೇಲೆ ಕೈಹಾಕಿದ. "ಆ ಹಗ್ಗ ನಿನ್ನ ಬಿಟ್ರೆ ಯಾರ ಮಾತೂ ಕೇಳೂದಿಲ್ಲ. ಹತ್ತು ಮಿನಿಟು ಕೂತ್ಕೋ. ಸನ್ಮಾನಕ್ಕೆ ನಾನೇ ಕರೀತೇನಿ."

ಮಂಜ ಇಸ್ತ್ರಿ ಅಂಗಿ ಮುದುಡದ ಹಾಗೆ ಒಳಗೆ ಕೂತ. ಹೊರಗೆ ಚಿಲಕ ಬಿತ್ತು.

"ಈ ನಿಲ್ದಾಣದ ವಿನ್ಯಾಸಕಾರ," ಮೈಕು ಗುಡುಗಿತು, "ನಮ್ಮ ಹೆಮ್ಮೆಯ ವಿನೋದ!" ವಿನೋದ ಅಂದರೆ ರವೀಂದ್ರನ ಅಕ್ಕನ ಮಗ, ಹಿಂದಿನ ದಿನ ಬಂದು ಸೆಲ್ಫಿ ಹೊಡೆದುಕೊಂಡವನು. ಶಾಲು ಹೊದ್ದು ಅವನು ಹೇಳಿದ: "ನೆಲದೊಳಗೆ ಹೋಗಲಾಗದಿದ್ದರೆ ನೆಲವನ್ನೇ ಮೇಲೆತ್ತೋಣ ಅಂತ ಅನ್ನಿಸಿತು." ಥೂ, ಮಾತನ್ನೂ ಬಿಡಲಿಲ್ಲವಲ್ಲ ಪಾಪಿ! ಮಂಜ ಪೆಟ್ಟಿಗೆ ಗುದ್ದಿದ.

"ಎಂತ ಸದ್ದದು?" ಯಾರೋ ಕೇಳಿದರು.

"ಮೆಶೀನು. ಹೊಸದು ನೋಡ್ರಿ, ಬರ್ರಿ, ಬರ್ರಿ" ಅಂದ ರವೀಂದ್ರ.

ಸಂದಿಯಲ್ಲಿ ಭೂಮಿಕಾ ಕಂಡಳು, ಹಿಂದೆ ಅಭಿಜ್ಞಾ ಮತ್ತು ಗುಂಪು. ಮಗಳ ಮುಖ ಸುಣ್ಣವಾಗಿತ್ತು. "ಅಂಕಲ್, ನಮ್ಮಪ್ಪ ಎಲ್ಲಿ?" ಎಂದು ರವೀಂದ್ರನನ್ನು ಕೇಳಿದಳು.

"ನಿಮ್ಮಪ್ಪನಾ? ಎಲ್ಲೋ ಕುಡಿದು ಬಿದ್ದಿರಬೇಕು. ಮೊಳೆ ಹೊಡೆಯೂದು ಬಿಟ್ಟು ಮತ್ತೇನು ಗೊತ್ತು ಅವನಿಗೆ?"

ಮಂಜ ಹೆಂಡ ಮುಟ್ಟಿದವನೇ ಅಲ್ಲ. "ಭೂಮೀ!" ಎಂದು ಕೂಗಿದ. ಅದೇ ಹೊತ್ತಿಗೆ ಡೊಳ್ಳು ಶುರುವಾಯಿತು. ಸಿಟ್ಟಿಗೆ ಹಗ್ಗ ಬಿಟ್ಟು ಕೈಕಟ್ಟಿ ಕೂತ. ತೆರೆಯುವುದಿಲ್ಲ, ಏನು ಬೇಕಾದರೂ ಆಗಲಿ!

ಭೂಮಿಕಾ ಕಾರ್ಡು ತೋರಿಸಿದಳು. ಗೇಟು ಮಿಸುಕಲಿಲ್ಲ. ಮತ್ತೆ ತೋರಿಸಿದಳು. ಹಿಂದಿನವರು ನೂಕಿದರು, ಹುಡುಗಿಯರು ಕಿಸಕ್ಕೆಂದರು. "ನಿನ್ನಪ್ಪಂದೇ ಗೇಟಲ್ವಾ, ನೀನೇ ತೆಗಿಯೇ!" ಅಂದಳು ಅಭಿಜ್ಞಾ. ಭೂಮಿಕಾ ಕಾರ್ಡನ್ನು ಕೆಳಗಿಳಿಸಿದಳು.

"ನಮ್ಮಪ್ಪಂದಲ್ಲ," ಅಂದಳು ಅವಳು. "ಅಪ್ಪ ಸುಳ್ಳು ಹೇಳಿದ್ದ."

ಆಗ ವಿನೋದ ದೊಡ್ಡ ಮನುಷ್ಯನ ಹಾಗೆ ಬಂದು ಅವಳ ಕಾರ್ಡು ಈಸಿಕೊಂಡು ಗೇಟಿಗೆ ಹಿಡಿದ. ಎಲ್ಲರೂ ಮಗಳನ್ನೇ ನೋಡುತ್ತಿದ್ದರು, ನಗುತ್ತಿದ್ದರು. ಮಂಜನಿಗೆ ಅದನ್ನು ನೋಡಲಾಗಲಿಲ್ಲ. ಹಗ್ಗ ಎಳೆದ.

ಗೇಟು ತೆರೆಯಿತು. "ಥ್ಯಾಂಕ್ಸ್ ಅಣ್ಣಾ" ಎಂದು ವಿನೋದನಿಗೆ ಹೇಳಿ ಭೂಮಿಕಾ ಒಳಗೆ ಹೋದಳು.