ಜೋಗಿ ತಿಂದ ಮೀನು

ಬೆಳ್ಳಿ ಅಡ್ಡ ಬಂದು ಚಟ್ಟದ ಬಿದಿರನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊತ್ತವರು ತಡವರಿಸಿ ನಿಂತರು.

"ನನ್ನಪ್ಪನ ಕೈಗೆ ಲಿಂಗ ಕೊಡಿ. ಲಿಂಗ ಇಲ್ಲದೆ ಮಣ್ಣಿಗೆ ಒಯ್ಯಬೇಡಿ."

ಲಿಂಗ ಇದ್ದದ್ದು ಅವಳ ದೊಡ್ಡಪ್ಪ ಅರಿಯ ಮಡಿಲಗಂಟಿನಲ್ಲಿ. ಬೆಳ್ಳಿ ಇನ್ನೂ ಚಿಕ್ಕವಳಿದ್ದಾಗ ಹಟ್ಟಿಯ ಹಿರಿಯರೆಲ್ಲ ಸೇರಿ ಅದನ್ನು ಜೋಗಿಯ ಕೊರಳಿಂದ ಬಿಚ್ಚಿಸಿದ್ದರು. ಮೀನು ತಿಂದವನ ಮೈಮೇಲೆ ಅದು ಇರಕೂಡದು ಎಂದಿದ್ದರು.

"ಕೊಡ್ತೇನೆ ಕೂಸೇ," ಎಂದ ಅರಿ. ತಮ್ಮನ ಮುಖ ನೋಡಿ ನೋಡಿ ಅವನ ಕಣ್ಣು ಕೆಂಪಾಗಿತ್ತು. "ಮೊದಲು ಮಣ್ಣಿನ ಜಾಗದಲ್ಲಿ ಅವನ ಪಾಪ ಹೇಳಬೇಕು. ಎಲ್ಲಾ ಹೇಳಿ ಕಳೆದ ಮೇಲೆ ಲಿಂಗ, ನಿನ್ನ ಅವ್ವೆಯ ಪಕ್ಕದಲ್ಲೇ ಮಣ್ಣು. ಹೇಳದೆ ಬಿಟ್ಟದ್ದು ಮಾತ್ರ ಅವನ ಜೊತೆಗೇ ಹೋಗ್ತದೆ."

ಬೆಳ್ಳಿ ಕೈಬಿಟ್ಟಳು. ಚಟ್ಟ ಮುಂದೆ ಸಾಗಿತು. ಗಂಡನ ತಾಯಿ ಅಕ್ಕಮ್ಮ ಹಿಂದಿನಿಂದ ಬಂದು ಅವಳ ಪಕ್ಕದಲ್ಲೇ ನಡೆಯತೊಡಗಿದಳು.

"ಅಳು, ಬೇಡ ಅನ್ನಲ್ಲ," ಎಂದಳು ಮೆಲ್ಲಗೆ. "ಆದರೆ ನಿನ್ನ ಮಗಳು ಮಲ್ಲಿಗೆ ಗೊತ್ತಾದ ಗಂಡಿನವರು ಇತ್ತಲಾರು ಹಟ್ಟಿಯಿಂದ ಇಷ್ಟು ದೂರ ಬಂದಿದ್ದಾರೆ. ಬಾಯಿಗೆ ಬಂದದ್ದೆಲ್ಲ ಹೇಳಿಕೊಂಡು ಅಳಬೇಡ."

"ಏನು ಹೇಳ್ತೇನೆ ಮಾಮೀ ನಾನು?"

"ಏನೋ. ನನಗೇನು ಗೊತ್ತು," ಎಂದಳು ಅಕ್ಕಮ್ಮ.

*

ಅವ್ವೆ ಸತ್ತ ವರ್ಷ ಮಗಳನ್ನು ಯಾರ ಮನೆಯಲ್ಲೂ ಬಿಡಲಾರದೆ ಜೋಗಿ ಉರುಳಗಡ್ಡೆಯ ಮೂಟೆಗಳ ಮೇಲೆ ಕೂರಿಸಿಕೊಂಡು ಗಾಡಿ ಹೂಡಿದ್ದ. ಗೂಡಲೂರು ದಾಟಿ ಘಟ್ಟ ಇಳಿಯುವಾಗ ಬೆಳ್ಳಿಗೆ ಚಳಿಜ್ವರ ಬಂತು. ಕಡಲತೀರದ ಬೇಪೂರಿಗೆ ಬರುವಷ್ಟರಲ್ಲಿ ಒಂದು ಗುಟುಕು ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಜೋಗಿ ನೀರು ಹುಡುಕುತ್ತ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಮೀನುಪೇಟೆಗೆ ಬಂದುಬಿಟ್ಟಿದ್ದ. ದೋಣಿಗಳು ಆಗಷ್ಟೇ ದಡ ಮುಟ್ಟಿದ್ದವು. ಮರಳಿನ ಮೇಲೆ ಬುಟ್ಟಿಬುಟ್ಟಿಯಾಗಿ ಸುರಿದ ಮೀನು ಇನ್ನೂ ಬಾಲ ಬಡಿಯುತ್ತಿತ್ತು. ಹೆಂಗಸರು ಕೂಗಿ ಕೂಗಿ ಮಾರುತ್ತಿದ್ದರು; ಕಾಗೆಗಳು ಅವರ ಕೈಯಿಂದಲೇ ಕಸಿಯುತ್ತಿದ್ದವು. ನಾತಕ್ಕೆ ಜೋಗಿ ಮೂಗಿಗೆ ಬಟ್ಟೆ ಒತ್ತಿಕೊಂಡ.

ಮೀನು ಕೊಯ್ಯುತ್ತಿದ್ದ ಒಬ್ಬ ಮುದುಕಿ ಕತ್ತಿ ಕೆಳಗಿಟ್ಟು ಮಗುವಿನ ಕಣ್ಣರೆಪ್ಪೆ ಎತ್ತಿ ನೋಡಿದಳು. "ಮೀನ್ ಕೊಡು. ಇಲ್ಲೆಂಗಿಲ್ ಮೋಳ್ ಪೋಗುಂ," ಎಂದಳು. ಕೊಡದಿದ್ದರೆ ಮಗಳು ಹೋಗುತ್ತಾಳೆ ಎನ್ನುವಷ್ಟು ಮಲಯಾಳ ಗಾಡಿಯವನಿಗೆ ತಿಳಿಯುತ್ತಿತ್ತು.

ಜೋಗಿ ಬಹಳ ಹೊತ್ತು ಕೊರಳ ಲಿಂಗವನ್ನು ಹಿಡಿದುಕೊಂಡು ನಿಂತ. ಆಮೇಲೆ ಅಲ್ಲೇ ಕೂತ.

ಮುದುಕಿ ಮಡಕೆಯಲ್ಲಿ ಮತ್ತಿ ಮೀನಿನ ಸಾರು ಕಾಯಿಸಿದಳು. ಹುಳಿ, ಮೆಣಸು, ತೆಂಗಿನಹಾಲು. ಅದು ಬೆಳ್ಳಿಯ ಹೊಟ್ಟೆಯಲ್ಲಿ ನಿಂತಿತು. ಮಾರನೆಯ ಬೆಳಿಗ್ಗೆ ಕೆಂಡದ ಮೇಲೆ ಸುಟ್ಟ ಮೀನು. ತೊಗಲು ಸಿಡಿದು, ಒಳಗೆ ಬಿಳಿಯಾಗಿ, ಬಿಸಿಯಾಗಿ. ಜೋಗಿ ಮುಳ್ಳು ತೆಗೆದು ತೆಗೆದು ಅವಳ ಬಾಯಿಗಿಟ್ಟ. ತಾನು ಒಂದು ಚೂರನ್ನೂ ಮುಟ್ಟಲಿಲ್ಲ.

"ಇನ್ನೊಂದು ಅಪ್ಪಾ," ಎಂದಿದ್ದಳು ಬೆಳ್ಳಿ. ಅಷ್ಟು ರುಚಿಯಾಗಿತ್ತು.

ಅದೇ ಹೊತ್ತಿಗೆ ಹಟ್ಟಿಯ ಭೋಜನ್ ತನ್ನ ಗಾಡಿಗೆ ಉಪ್ಪು ಕೊಳ್ಳಲು ಆ ದಾರಿಯಾಗಿ ಬಂದ. ಅವನು ಕಂಡದ್ದು ಜೋಗಿಯ ಬೆರಳುಗಳನ್ನು, ಬೆರಳಿಗೆ ಅಂಟಿದ ಮೀನನ್ನು.

ಹಿರಿಯರು ಕೇಳಿದಾಗ ಜೋಗಿ ತಲೆ ಎತ್ತಿಯೇ ಹೇಳಿದ: "ನಾ ತಿಂದೆ. ಕೂಸು ಗಂಜಿ ಕುಡಿದು ಬದುಕಿತು."

ಅಂದಿನಿಂದ ಅವನು ದನದ ಕೊಟ್ಟಿಗೆಯಲ್ಲೇ ಉಂಡ, ಅಲ್ಲೇ ಮಲಗಿದ. ಬೆಳ್ಳಿ ದೊಡ್ಡಪ್ಪನ ಮನೆಯಲ್ಲಿ ಬೆಳೆದಳು. ಅವಳ ಮದುವೆಯನ್ನು ಅವನು ಬೇಲಿಯಾಚೆ ನಿಂತು ನೋಡಿದ. ಒಮ್ಮೆ ಮಜ್ಜಿಗೆ ಒಯ್ದವಳು, "ಅಪ್ಪಾ, ತಿಂದದ್ದು ನಾನಲ್ವಾ..." ಎಂದು ಬಾಯಿ ತೆರೆದಿದ್ದಳು.

"ನಿನಗೆ ಜ್ವರ ಇತ್ತು," ಎಂದು ಗದರಿದ್ದ ಜೋಗಿ. "ನಿನಗೇನು ನೆನಪಿರ್ತದೆ? ಹೋಗು, ಮನೆಗೆ ಹೋಗು."

*

ಹಸಿರು ಇಳಿಜಾರಿನಲ್ಲಿ ಚಟ್ಟ ಇಳಿಸಿದರು. ಪಕ್ಕದಲ್ಲಿ ಒಂದು ಎಮ್ಮೆಗರುವನ್ನು ಹಿಡಿದು ನಿಲ್ಲಿಸಿದ್ದರು. ಸತ್ತವನ ಪಾಪಗಳನ್ನೆಲ್ಲ ಅದರ ಮೇಲೆ ಹೊರಿಸಿ ಕಾಡಿಗೆ ಅಟ್ಟಬೇಕು. ಅರಿ ಅದರ ಬೆನ್ನಮೇಲೆ ಕೈಯಿಟ್ಟ.

"ಬಾಯಾರಿದ ದನವನ್ನು ಹೊಳೆಯಿಂದ ಅಟ್ಟಿದ್ದರೆ..."

"ಪಾಪ!" ಎಂದಿತು ಜನ.

"ಹಸಿದವರ ಮುಂದೆ ಕದ ಹಾಕಿದ್ದರೆ..."

"ಪಾಪ!"

ಅರಿಯ ದನಿ ಒಡೆಯಿತು. "ಬೇಪೂರಿನ ಪೇಟೆಯಲ್ಲಿ ಮೀನು ತಿಂದ."

"ಪಾಪ!" ಹಣ್ಣು ಮುದುಕನಾಗಿದ್ದ ಭೋಜನನ ದನಿ ಎಲ್ಲರಿಗಿಂತ ಮೇಲೆ ಕೇಳಿತು. ಅದರೊಳಗೆ ತನ್ನ ದನಿಯೂ ಇದ್ದದ್ದು ಬೆಳ್ಳಿಗೆ ಕೇಳಿಸಿತು.

"ಬೆಳ್ಳೀ," ಎಂದ ಅರಿ, "ಅವನ ಕೂಡ ಇದ್ದವಳು ನೀನೊಬ್ಬಳೇ. ಇನ್ನೇನಾದರೂ ಉಂಟೇ? ಇದ್ದರೆ ಈಗಲೇ ಹೇಳಿಬಿಡು. ಕರು ಹೋದ ಮೇಲೆ ದಾರಿಯಿಲ್ಲ."

ಎಲ್ಲರೂ ಅವಳತ್ತ ತಿರುಗಿದರು. ಇಳಿಜಾರಿನ ಕೆಳಗೆ ಗಂಡಿನ ಕಡೆಯ ಹೆಂಗಸರ ನಡುವೆ ಮಲ್ಲಿ ನಿಂತಿದ್ದಳು. ಗಾಳಿಗೆ ಜಾರಿದ ಅವಳ ತಲೆಬಟ್ಟೆಯನ್ನು ಅವರಲ್ಲೊಬ್ಬಳು ಅಕ್ಕರೆಯಿಂದ ಸರಿಮಾಡುತ್ತಿದ್ದಳು. ಅಕ್ಕಮ್ಮನ ಅಂಗೈ ಬೆಳ್ಳಿಯ ಬೆನ್ನಿಗೆ ತಾಗಿತು. ಒತ್ತಲಿಲ್ಲ, ತಾಗಿತು ಅಷ್ಟೆ.

"ಇಲ್ಲ ದೊಡ್ಡಪ್ಪಾ," ಎಂದಳು ಬೆಳ್ಳಿ. "ಇನ್ನೇನಿಲ್ಲ."

ಅರಿ ಮಡಿಲಗಂಟು ಬಿಚ್ಚಿ ಲಿಂಗವನ್ನು ತಮ್ಮನ ಅಂಗೈಗಿಟ್ಟು ಬೆರಳು ಮಡಿಸಿದ. ಕರುವಿನ ಹಗ್ಗ ಸಡಿಲಿಸಿದರು. ಗಂಡಸರು ಹೋ ಎಂದು ಕೂಗಿ ಕೈಬೀಸಿದರು. ಕರು ಕಾಡಿನ ಕಡೆ ಹೋಗಲಿಲ್ಲ. ಬೆದರಿ ಸುತ್ತ ನೋಡಿ, ಜನರ ನಡುವೆ ನುಸುಳಿ ಬೆಳ್ಳಿಯ ಮುಂದೆ ಬಂದು ನಿಂತಿತು. ಒದ್ದೆ ಮೂತಿ ಚಾಚಿ ಅವಳ ಬೆರಳನ್ನು ಮೂಸಿತು.

ಬೆಳ್ಳಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.