ಎರಡು ರೊಂದಿನೆ, ಒಂದೇ ನಂಬರು

ಪಾರ್ಮಾ ಊರಿನ ಒಬ್ಬ ಹಲ್ಲಿನ ಡಾಕ್ಟರನ್ನು ನಮ್ಮ ಮನೆಯಲ್ಲಿ ಬೈಯದ ಭಾನುವಾರವೇ ಇರಲಿಲ್ಲ. ತಟ್ಟೆಗೆ ತೊರ್ತೆಲ್ಲೀನಿ ಕಡುಬು ಬೀಳುವ ಮೊದಲೇ ನಾನು ಶುರುಮಾಡುತ್ತಿದ್ದೆ, "ಅವನ ಕೈ ಸೇದಿಹೋಗ!" ಅಂತ. ಇದಕ್ಕೆಲ್ಲ ಕಾರಣ ನಮ್ಮ ರೊಂದಿನೆಯ ಬಾಗಿಲು.

ರೊಂದಿನೆ ಅಂದರೆ ನಮ್ಮ ಕಾರು. ಮೇಲೆ ಸೂರಿಲ್ಲದ, ಎರಡೇ ಸೀಟಿನ, ಕೆಂಪು ರೇಸ್ ಕಾರು. ಮೊದೆನಾ ಊರಿನ ನಮ್ಮ ಷೆಡ್ಡಿನಲ್ಲಿ ನನ್ನಪ್ಪ ಎವರಿಸ್ತೊ, ಅವನಣ್ಣ ಅದೆಲ್ಮೊ ಇಬ್ಬರೂ ಸೇರಿ ಮಾಡಿದ್ದು ಬರೀ ಮೂರು. ಅಪ್ಪ ತಗಡು ಬಡಿಯುವವನು, ದೊಡ್ಡಪ್ಪ ಓಡಿಸುವವನು. ನಮ್ಮ ಕಡೆ ಆಗ ದರ್ಜಿ ಅಂಗಿ ಹೊಲಿದಂತೆ, ಓಡಿಸುವವನ ಅಳತೆ ನೋಡಿಯೇ ಕಾರಿನ ಮೈ ಬಡಿಯುತ್ತಿದ್ದರು. ದೊಡ್ಡಪ್ಪನದು ಎತ್ತಿನಂಥ ಭುಜ. ತಿರುವು ಬಂದಾಗಲೆಲ್ಲ ಮೊಣಕೈ ಬಾಗಿಲಿಗೆ ಬಡಿದು ಕಿರುಚುತ್ತಿದ್ದನಂತೆ. ಅವನ ಕಿರುಚಾಟ ತಾಳಲಾರದೆ ಅಪ್ಪ ಎರಡನೇ ನಂಬರಿನ ಕಾರಿನ ಬಾಗಿಲಲ್ಲಿ ಅವನ ಮೊಣಕೈಗೆಂದೇ ಒಂದು ಗುಳಿ ಬಡಿದುಕೊಟ್ಟ. ಹೊರಗಿನಿಂದ ನೋಡಿದರೆ ಬಾಗಿಲಿಗೆ ಗಲ್ಲ ಊದಿದ ಹಾಗೆ ಕಾಣುತ್ತಿತ್ತಂತೆ. ಅದೇ ಕಾರು ಐವತ್ತೈದನೇ ಇಸವಿಯಲ್ಲಿ ರೊಕ್ಕಾಲ್ತಾ ಬೆಟ್ಟದ ಓಟ ಗೆದ್ದದ್ದು.

ಎರಡು ವರ್ಷಕ್ಕೆ ದೊಡ್ಡಪ್ಪ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಅಪ್ಪನಿಗೆ ಕಾರು ಕಣ್ಣೆದುರಿಗಿರುವುದೇ ಬೇಡವಾಯಿತು. ಹಲ್ಲಿನ ಡಾಕ್ಟರು ಕೊಂಡ. ಅವನಿಂದ ಒಬ್ಬ ಚೀಸ್ ಮಾಡುವವನ ಕೈಗೆ ಹೋಗಿ, ಪುಣ್ಯಾತ್ಮ ಅದರಲ್ಲಿ ಹಾಲಿನ ಕ್ಯಾನು ಸಾಗಿಸಿದ! ಆಮೇಲೆ ಕಾರ್ಪಿಯ ಒಬ್ಬ ಪಾದ್ರಿ. ಪಾದ್ರಿ ತೀರಿಕೊಂಡ ಮೇಲೆ ಅವರ ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಯಿತು. ಅಪ್ಪನಿಗೆ ಮನಸ್ಸು ತಡೆಯದೆ ಹುಡುಕಿಕೊಂಡು ಹೋದಾಗ ಸೀಟಿನ ಮೇಲೆ ಮೊಟ್ಟೆ ಇತ್ತಂತೆ. ಮನೆಗೆ ತಂದು ವರ್ಷಗಟ್ಟಲೆ ಬಡಿದು, ಉಜ್ಜಿ, ಮತ್ತೆ ಮದುಮಗಳ ಹಾಗೆ ಮಾಡಿದ.

"ಎಲ್ಲಾ ಸರಿ ಅಪ್ಪಾ, ಗುಳಿ ಎಲ್ಲಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಆ ಹಲ್ಲಿನ ಡಾಕ್ಟರು ತಟ್ಟಿಸಿ ಸಪಾಟು ಮಾಡ್ಸಿರ್ಬೇಕು," ಎಂದು ಅಪ್ಪ ಬೇರೆ ಕಡೆ ನೋಡಿದ್ದ. ಆವತ್ತಿನಿಂದ ಬೈಗುಳದ ಗುತ್ತಿಗೆ ನನ್ನದು.

ಈಗ ಅಪ್ಪನಿಗೆ ಎಂಬತ್ತೇಳು. ಕಣ್ಣು ಮಬ್ಬಾಗುತ್ತಾ ಬಂದಿದೆ, ಮುಂದಿನ ವಸಂತಕ್ಕೆ ಬೆಳಕು ಉಳಿಯುವುದಿಲ್ಲವೆಂದು ಕಣ್ಣಿನ ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟರು. ಅಪ್ಪ ಕೇಳಿದ್ದು ಒಂದೇ: "ರೊಕ್ಕಾಲ್ತಾ ಒಂದ್ಸಲ ಹತ್ಸಿಬಿಡು ವಾಂದಾ. ಅದೆಲ್ಮೊನ ಕಾರಲ್ಲಿ. ಕಣ್ಣಿರೋವಾಗ್ಲೇ."

ಹಳೆ ಕಾರುಗಳ ಬೆಟ್ಟದ ಓಟ ಪ್ರತಿ ಮೇ ತಿಂಗಳು ನಡೆಯುತ್ತದೆ. ಆ ಕಾಲದಲ್ಲಿ ನಿಜವಾಗಿ ಬೆಟ್ಟ ಹತ್ತಿದ ಕಾರುಗಳಿಗೆ ಮಾತ್ರ ಪ್ರವೇಶ. ನಾನು ಹೆಸರು ಕೊಟ್ಟೆ. ಓಟದ ದಿನ ಬೆಳಿಗ್ಗೆ ಅಪ್ಪನಿಗೆ ಇಸ್ತ್ರಿ ಅಂಗಿ ತೊಡಿಸಿ, ಬೆಟ್ಟದ ಬುಡದ ಊರಿನ ಚೌಕದ ಗಡಿಯಾರದ ಕೆಳಗೆ ಕಾರು ನಿಲ್ಲಿಸಿದೆ. ಕಾಫಿ ಕುಡಿಯುವುದನ್ನೂ ಮರೆತು ಟೈರುಗಳನ್ನು ಒತ್ತಿ ಒತ್ತಿ ನೋಡಿದೆ!

ಅಷ್ಟರಲ್ಲಿ ಸ್ವಿಸ್ ನಂಬರ್ ಪ್ಲೇಟಿನ ಲಾರಿಯಿಂದ ಇನ್ನೊಂದು ಕೆಂಪು ಕಾರು ಇಳಿಯಿತು. ರೊಂದಿನೆ! ಓಟದ ಸಮಿತಿಯ ಅಧ್ಯಕ್ಷರು, ವಕೀಲ ಜಾನ್‌ಫ್ರೊಞೀನಿ, ಎರಡೂ ಕಾರುಗಳ ಕೆಳಗೆ ಬಗ್ಗಿ ನೋಡಿ ಎದ್ದಾಗ ಅವರ ಮುಖ ಟೊಮೇಟೊ ಹಣ್ಣಾಗಿತ್ತು.

"ಎರಡರ ಮೇಲೂ ಎರಡನೇ ನಂಬರೇ ಕೊರ್ದಿದೆ! ಒಂದು ನಂಬರಿಗೆ ಒಂದೇ ಕಾರು. ಯಾವುದಾದ್ರೂ ಒಂದು ಮನೆಗೆ ಹೋಗ್ಬೇಕು."

"ನನ್ನದಂತೂ ಹೋಗಲ್ಲ," ಎಂದಳು ಲಾರಿಯ ಜೊತೆ ಬಂದ ಹೆಂಗಸು. ಹೆಸರು ಒರ್ಸೊಲಾ ಪೆದ್ರಾತ್ಸಿ, ಲುಗಾನೊದಲ್ಲಿ ಹೋಟೆಲು. "ಗೆದ್ದ ಕಾರು ಅಂತ ಹೇಳಿಯೇ ನಮ್ಮ ತಾತ ಕೊಂಡಿದ್ದು. ನೋಡ್ಕೊಳ್ಳಿ!"

ಅವಳು ಬಾಗಿಲು ತೋರಿಸಿದಳು. ಬಾಗಿಲಿಗೆ ಗಲ್ಲ ಊದಿತ್ತು. ಒಳಗೆ ನುಣ್ಣಗೆ, ದುಂಡಗೆ, ದೊಡ್ಡಪ್ಪನ ಮೊಣಕೈ ಗುಳಿ.

ಹಾಗಾದರೆ ನಮ್ಮದು? ಇಷ್ಟು ವರ್ಷ ಅಪ್ಪ ಜೀವ ತೇಯ್ದದ್ದು ಯಾರದೋ ಕಾರಿಗೇ? ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಅಪ್ಪಾ, ಬಾಯಿ ಬಿಡು!" ಎಂದು ಕೂಗಿಯೇಬಿಟ್ಟೆ.

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಐವತ್ತಾರರಲ್ಲಿ ಎರಡು ಕಾರು ಲುಗಾನೊದ ರೇಸಿಗೆ ಒಯ್ಯೋದಿತ್ತು. ಗಡಿ ದಾಟ್ಸೋಕೆ ಕಾರಿಗೊಂದು ಕಾಗದ ಬೇಕು. ನಮ್ಹತ್ರ ಇದ್ದಿದ್ದು ಒಂದೇ, ಎರಡನೇ ನಂಬರಿಂದು. ಮೂರನೇ ಕಾರಿನ ನಂಬರು ಉಜ್ಜಿ, ಅದರ ಮೇಲೂ ಎರಡು ಅಂತ ಕೊರೆದ್ವಿ. ಬೆಳಿಗ್ಗೆ ಅದೆಲ್ಮೊ ದಾಟ್ದ. ಕಾಗದ ನಮ್ಮ ಸೋದರತ್ತೆ ಬುಟ್ಟೀಲಿ ರೈಲು ಹತ್ತಿ ವಾಪಸ್ ಬಂತು. ಮಧ್ಯಾಹ್ನ ನಾನು ದಾಟ್ದೆ."

"ಸುಂಕದವ್ರು ಸುಮ್ನಿದ್ರಾ?" ವಕೀಲರು ಕೇಳಿದರು.

"ಎಲ್ಲಿ ಸುಮ್ನಿರ್ತಾರೆ ವಕೀಲರೇ? 'ಈ ಕಾರು ಬೆಳಿಗ್ಗೆ ಹೋಯ್ತಲ್ಲಯ್ಯಾ' ಅಂದ. 'ದಾರೀಲಿ ತಿನ್ನೋ ಸಲಾಮಿ ಮಾಂಸ ಮರ್ತಿದ್ವಿ, ವಾಪಸ್ ಬಂದು ತಗೊಂಡ್ವಿ' ಅಂದೆ. 'ಛೇ, ಸಲಾಮಿ ಮರ್ತ್ರೆ ಆಗತ್ತಾ!' ಅಂತ ಬಿಟ್ಬಿಟ್ಟ."

ಸುತ್ತ ನೆರೆದವರು ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. "ಅದು ಸರಿ, ಗುಳಿ ಅಲ್ಲಿಗೆ ಹೇಗೆ ಹೋಯ್ತು?"

"ಅಲ್ಲಿ ಇವರ ತಾತನಿಗೆ, ಹೋಟೆಲ್ ಯಜಮಾನರಿಗೆ, ಕೊಂಡ್ರೆ ಗೆದ್ದ ಕಾರೇ ಬೇಕು ಅಂತ ಹಟ. ಅದೆಲ್ಮೊಗೆ ಆ ಇಂಜಿನ್ನು ಬಿಟ್ಟಿರೋಕಾಗಲ್ಲ. ಅದಕ್ಕೆ ಅವರದೇ ಕುದುರೆಲಾಯದಲ್ಲಿ ಎರಡೂ ಕಾರಿನ ಮೈ ಎತ್ತಿ, ಅದಲು ಬದಲು ಮಾಡಿ ಕೂರ್ಸಿದ್ವಿ. ಅಂಗಿ ಅವರಿಗೆ ಕೊಟ್ವಿ, ಜೀವ ನಾವು ತಂದ್ವಿ." ಅಪ್ಪ ಒರ್ಸೊಲಾ ಇದ್ದ ದಿಕ್ಕಿಗೆ ತಿರುಗಿದ. "ಮೋಸಾನೇ ಅಮ್ಮಾ. ಮನೇಲೂ ಹೇಳೋಕೆ ಮುಖ ಇರ್ಲಿಲ್ಲ. ಅದೆಲ್ಮೊ ಪರವಾಗಿ ನಾನೇ ಕ್ಷಮೆ ಕೇಳ್ತೀನಿ."

ಅಯ್ಯೋ ಹಲ್ಲಿನ ಡಾಕ್ಟರೇ! ಸುಮ್ಮನೆ ಬೈಸಿಕೊಂಡೆಯಲ್ಲೋ!

ಒರ್ಸೊಲಾ ಕೆರಳಿದ್ದಳು. "ನಮ್ಮ ತಾತ ಸಾಯೋತನಕ ಆ ಗುಳಿಗೆ ಕೈ ಊರಿ ಬಂದವರಿಗೆಲ್ಲ ಕತೆ ಹೇಳಿದ್ರು. ಅಷ್ಟೂ ಸುಳ್ಳಾ?"

"ಇಂಜಿನ್ನು ಸುಳ್ಳು. ಮೊಣಕೈ ಸುಳ್ಳಲ್ಲಮ್ಮಾ," ಎಂದ ಅಪ್ಪ. ಹೇಳುತ್ತಲೇ ಅವನ ಕೈ ಗಾಳಿಯಲ್ಲಿ ಬಾಗಿಲನ್ನು ತಡಕುತ್ತಿತ್ತು.

ಅವಳು ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನು ಹಿಡಿದು, ಅಪ್ಪನನ್ನು ತನ್ನ ಕಾರಿನ ಸ್ಟೀರಿಂಗಿನ ಹಿಂದೆ ಕೂರಿಸಿದಳು. ಅಪ್ಪ ಗುಳಿಯಲ್ಲಿ ಮೊಣಕೈ ಇಟ್ಟ. "ನಂಗೆ ದೊಡ್ಡದು," ಎಂದು ಚಿಕ್ಕ ಹುಡುಗನ ಹಾಗೆ ಬಿಕ್ಕಿದ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

"ಅದೆಲ್ಲ ಇರ್ಲಿ, ಮನೆಗೆ ಹೋಗೋರು ಯಾರು?" ವಕೀಲರು ಗಡಿಯಾರ ನೋಡಿಕೊಂಡರು.

ಅಪ್ಪ ಮೂಗು ಒರೆಸಿಕೊಂಡ. "ವಕೀಲರೇ, ಬೆಟ್ಟ ಎರಡ್ಸಲ ಹತ್ತೋದಲ್ವಾ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು? ನಂಬರಿನ ಚೀಟಿ ಒಂದೇ ಕೊಡಿ. ಬೆಳಿಗ್ಗೆ ಇವರದಕ್ಕೆ ಅಂಟಿಸ್ಲಿ. ಚೀಟಿ ಕೆಳಗೆ ಬರ್ಲಿ. ಮಧ್ಯಾಹ್ನ ನಮ್ಮದಕ್ಕೆ."

"ಇದು ಶುದ್ಧ ಕಳ್ಳಸಾಗಣೆ!"

"ಹೌದು. ನಮಗೆ ಅಭ್ಯಾಸ ಇದೆ."

ವಕೀಲರು ತುಟಿ ಕಚ್ಚಿ ನಗು ತಡೆದರು, ಆಗಲಿಲ್ಲ. "ಯಾರಾದ್ರೂ ಕೇಳಿದ್ರೆ ಸಲಾಮಿ ತರೋಕೆ ಹೋಗಿತ್ತು ಅಂತೀನಿ," ಎಂದು ಚೀಟಿ ಕೊಟ್ಟರು.

ಬೆಳಿಗ್ಗೆ ಅಪ್ಪ ಒರ್ಸೊಲಾಳ ಪಕ್ಕ ಕೂತು ಬೆಟ್ಟ ಹತ್ತಿ ಇಳಿದ. ಕಣ್ಣರಳಿಸಿ ಒಂದೊಂದು ಮರವನ್ನೂ ನೋಡಿದನಂತೆ. ಮಧ್ಯಾಹ್ನ ತನ್ನ ಕೈಯಾರೆ ಚೀಟಿ ಕಿತ್ತು ತಂದು ನಮ್ಮ ಬಾಗಿಲಿಗೆ ಅಂಟಿಸಿ ನನ್ನ ಪಕ್ಕ ಕೂತ. ಇಂಜಿನ್ನು ಗುಡುಗಿದ್ದೇ ತಡ, ಕಣ್ಣು ಮುಚ್ಚಿಕೊಂಡ.

"ಕಣ್ಬಿಡಪ್ಪಾ! ಬೆಟ್ಟ ನೋಡೋಕೆ ತಾನೇ ಬಂದಿದ್ದು?"

"ಬೆಳಿಗ್ಗೆ ನೋಡಾಯ್ತು. ಈಗ ಅವನನ್ನ ಕೇಳಿಸ್ಕೋತಿದೀನಿ. ಒತ್ತು ಮಗಳೇ!"

ಒತ್ತಿದೆ. ಅಬ್ಬಾ, ರೊಂದಿನೆ ಹಾರಿತು! ಗಾಳಿ ಮುಖಕ್ಕೆ ರಾಚಿತು, ಜನ ಬೇಲಿಯಾಚೆಯಿಂದ ಕೂಗಿದರು. ಮೂರನೇ ತಿರುವಿನಲ್ಲಿ ಸ್ಟೀರಿಂಗ್ ಎಳೆದಾಗ ನನ್ನ ಮೊಣಕೈ ಸಪಾಟು ಬಾಗಿಲಿಗೆ ಬಡಿಯಿತು. "ಅಯ್ಯಮ್ಮಾ!" ಎಂದು ಕಿರುಚಿದೆ.

ಅಪ್ಪ ಮುಚ್ಚಿದ ಕಣ್ಣಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

"ಅವನೂ ಹೀಗೇ ಕಿರುಚ್ತಿದ್ದ! ನಾಳೆ ಬಾಗಿಲು ಬಿಚ್ಚು ವಾಂದಾ. ನಿನ್ನ ಅಳತೆಗೊಂದು ಗುಳಿ ಬಡೀತೀನಿ. ಅದಕ್ಕೆ ಕಣ್ಣೇನೂ ಬೇಕಾಗಿಲ್ಲ."